ಅರವತ್ತು ಮಿಲಿಮೀಟರು

ಜಮಖಂಡಿ
12-9-1994

ಚಿ. ಶೇವಂತಿಗೆ ಪರಸಪ್ಪನ ಆಶೀರ್ವಾದ.

ನೀನು ಮದುವೆಯಾಗಿ ಮಿರಜಿಗೆ ಹೋದ ಮೇಲೆ ನಾನು ನಿನಗೆ ಬರೆದದ್ದು ಒಂದೇ ಪತ್ರ, ನಿನ್ನ ಮಗಳು ತಾರಾ ಹುಟ್ಟಿದಾಗ. ಈಗ ನಾಲ್ಕು ವರ್ಷದ ಮೇಲೆ ಬರೆಯುತ್ತಿರುವುದು ಸ್ವಂತ ಗರಜಿಗೆ. ಮೊದಲೇ ಹೇಳಿಬಿಟ್ಟರೆ ನೀನು ನಗುವುದು ಬೇಗ ಮುಗಿಯುತ್ತದೆ.

ಬಸಗೊಂಡಪ್ಪ ಸಾಹೇಬರು ಆಫೀಸಿಗೆ ಕಂಪ್ಯೂಟರ್ ತರಿಸಿದ್ದಾರೆ. ಇನ್ನು ಮುಂದೆ ನಕ್ಷೆಗಳನ್ನೆಲ್ಲ ಅದರಲ್ಲೇ ಬರೆಯಬೇಕಂತೆ. ನೀನು ಆರು ವರ್ಷ ನನ್ನ ಎದುರಿಗೆ ಕೂತು ಟ್ರೇಸಿಂಗ್ ಮಾಡಿದ ಬೋರ್ಡು ಹಿಂದಿನ ಕೋಣೆಯಲ್ಲಿ ನೀರಿನ ಹರವಿಯ ಪಕ್ಕ ನಿಂತಿದೆ. ಅದರ ಮೇಲೆ ಸಿಪಾಯಿ ಎಲ್ಲರ ಊಟದ ಡಬ್ಬಿ ಇಡುತ್ತಾನೆ. ನಾನು ಎರಡು ಸಲ ತೆಗೆದಿಟ್ಟೆ. ಮೂರನೆಯ ಸಲ ನನ್ನ ಡಬ್ಬಿಯನ್ನೂ ಅಲ್ಲೇ ಇಟ್ಟೆ.

ಕಲಿಸಲು ಬೆಳಗಾವಿಯಿಂದ ಒಬ್ಬ ಬಂದಿದ್ದ. ಎರಡು ದಿನ ಇದ್ದು, ಬೆರಳು ಕಾಣದಷ್ಟು ವೇಗವಾಗಿ ಕೀಲಿ ಒತ್ತಿ, “ಇಷ್ಟ ನೋಡ್ರಿ” ಎಂದು ಹೇಳಿ ಹೋದ. ಇಷ್ಟ ಎಂದರೆ ಎಷ್ಟು ಎಂಬುದು ನನಗಿನ್ನೂ ತಿಳಿದಿಲ್ಲ. ಸಾಹೇಬರು ನಿನ್ನೆ ಕರೆದು ಹೇಳಿದರು: “ಪರಸಪ್ಪ, ಸಂಕ್ರಾಂತಿ ತನಕ ಕಲೀರಿ. ಆಮ್ಯಾಲ ಬೋರ್ಡಿನ ಮ್ಯಾಲಿನ ಕೆಲಸ ನಾ ತೊಗೊಳ್ಳೂದಿಲ್ಲ.” ಕಲಿಯದಿದ್ದರೆ ಏನು ಎಂದು ಕೇಳುವ ಧೈರ್ಯ ಬರಲಿಲ್ಲ. ಇಪ್ಪತ್ತೆಂಟು ವರ್ಷ ಗೆರೆ ಎಳೆದಿದ್ದೇನೆ ಶೇವಂತಿ. ಐವತ್ತೊಂದನೆಯ ವಯಸ್ಸಿಗೆ ನನ್ನನ್ನು ಇನ್ಯಾರು ಕೂರಿಸಿಕೊಳ್ಳುತ್ತಾರೆ? ಹೆದರಿಕೆಯಾಗಿದೆ. ಮನೆಯಲ್ಲಿ ಹೇಳಿಲ್ಲ.

ನೀನು ಅಲ್ಲಿ ಕಬ್ಬಿಣದ ಕೆಲಸದ ಕಾರ್ಖಾನೆಯಲ್ಲಿ ಇದೇ ಯಂತ್ರದ ಮುಂದೆ ಕೂರುತ್ತೀ ಎಂದು ನಿಮ್ಮ ಅಪ್ಪ ಸಂತೆಯಲ್ಲಿ ಸಿಕ್ಕಾಗ ಹೇಳಿದ. ಪುಸ್ತಕದ ಮಾತು ಬೇಡ. ಕೈಯಿಂದ ಗೆರೆ ಎಳೆದವನಿಗೆ ಅರ್ಥವಾಗುವಂತೆ ನಾಲ್ಕು ಮಾತು ಬರೆ.

ಪರಸಪ್ಪ


ಮಿರಜ
20-9-1994

ಪರಸಪ್ಪ ಕಾಕಾ ಅವರಿಗೆ ಶೇವಂತಿಯ ನಮಸ್ಕಾರ.

ನಕ್ಕೆ, ನೀವು ಹೇಳಿದಂತೆ ಬೇಗ ಮುಗಿಸಿದೆ. ಶಾಯಿಯ ಪೆನ್ನು ಹಿಡಿಯಲು ಕಲಿಸುವಾಗ ನೀವು ನನ್ನ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದಿರಿ. ಈಗ ನನ್ನ ಸರದಿ ಬಂದಿದೆ, ಆದರೆ ಕೈ ಅಷ್ಟು ದೂರ ಬರುವುದಿಲ್ಲ.

ಇದೊಂದು ಮಾತನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ: ಯಂತ್ರದಲ್ಲಿ ಸ್ಕೇಲಿಗೆ ಇಳಿಸಿ ಬರೆಯಬೇಡಿ. ಹತ್ತು ಮೀಟರಿನ ಗೋಡೆಗೆ ಹತ್ತು ಸಾವಿರ ಮಿಲಿಮೀಟರು ಎಂದೇ ಕೊಡಿ. ಒಳಗೆ ಜಾಗಕ್ಕೇನೂ ಕೊರತೆಯಿಲ್ಲ, ಇಡೀ ಜಮಖಂಡಿಯನ್ನು ಇದ್ದಷ್ಟೇ ದೊಡ್ಡದಾಗಿ ಬರೆದರೂ ಹಿಡಿಯುತ್ತದೆ. ಕಾಗದದ ಚಿಂತೆ ಅಚ್ಚು ತೆಗೆಯುವಾಗ ಮಾತ್ರ.

ಎರಡು ಗೆರೆ ಕೂಡಿದಂತೆ ಕಂಡರೆ ಕೂಡಿವೆ ಎಂದು ನಂಬಬೇಡಿ. ಹತ್ತಿರ ಹೋಗಿ ನೋಡಿದರೆ ನಡುವೆ ಎತ್ತಿನ ಬಂಡಿ ಹಾಯುವಷ್ಟು ಸಂದಿ ಇರುತ್ತದೆ. ಗೆರೆ ಶುರು ಮಾಡುವ ಮೊದಲು ‘ಎಂಡ್’ ಎಂದು ಒತ್ತಿದರೆ ಯಂತ್ರವೇ ತುದಿಯನ್ನು ಹಿಡಿದು ಕೊಡುತ್ತದೆ. ನಿಮ್ಮ ಕಣ್ಣು ಎಷ್ಟು ಛಲೋ ಇದ್ದರೂ ಇಲ್ಲಿ ಅದನ್ನು ನೆಚ್ಚಬೇಡಿ.

ಲೇಯರು ಎಂದರೆ ಒಂದರ ಮೇಲೊಂದು ಹಾಸಿದ ಟ್ರೇಸಿಂಗ್ ಹಾಳೆ ಅಂತ ತಿಳಿಯಿರಿ. ಗೋಡೆಗೆ ಒಂದು, ಕೊಳವೆಗೆ ಒಂದು, ಅಳತೆಯ ಅಂಕಿಗಳಿಗೆ ಒಂದು. ಬೇಡವಾದದ್ದನ್ನು ದೀಪದಂತೆ ಆರಿಸಿ ಕಾಣದಂತೆ ಮಾಡಿದರೆ ಯಂತ್ರ ಸರಾಗವಾಗಿ ಓಡುತ್ತದೆ. ನಮ್ಮಲ್ಲಿ ಅಂಕಿಗಳ ಹಾಳೆಯನ್ನು ಆರಿಸಿಟ್ಟೇ ಕೆಲಸ ಮಾಡುತ್ತೇವೆ. ಹತ್ತು ನಿಮಿಷಕ್ಕೊಮ್ಮೆ ‘ಸೇವ್’ ಮಾಡಿ, ನಮ್ಮ ಕಡೆಯ ಕರೆಂಟು ನಿಮಗೆ ಗೊತ್ತೇ ಇದೆ. ಎಡಗೈ ಕೀಲಿಯ ಮೇಲೆ, ಬಲಗೈ ಮೌಸಿನ ಮೇಲೆ ಇರಲಿ. ಒಂದೇ ಕೈಯಲ್ಲಿ ಎರಡನ್ನೂ ಮಾಡಲು ಹೋದರೆ ಸಂಕ್ರಾಂತಿಯೇನು, ಯುಗಾದಿಗೂ ಮುಗಿಯುವುದಿಲ್ಲ.

ನನ್ನ ಕೆಲಸ ಹೀಗೇ ನಡೆದಿದೆ. ಅತ್ತೆ ಸಾವಿತ್ರೆವ್ವನವರು ಒಂದು ಕರಾರಿನ ಮೇಲೆ ಬಿಟ್ಟಿದ್ದಾರೆ: “ಹೋಗು, ಆದ್ರ ಅಲ್ಲಿಂದ ಒಂದ ಒಂದು ತಕರಾರು ಮನಿಗಿ ಬರಬಾರ್ದು. ಬಂದ ದಿನ ಮುಗೀತು.” ನಮ್ಮ ಮನೆಯವರು, ದಶರಥ, ನಡುವೆ ಮಾತಾಡುವುದಿಲ್ಲ. ಎರಡು ವರ್ಷವಾಯಿತು, ತಕರಾರು ಬಂದಿಲ್ಲ. ಬೆಳಿಗ್ಗೆ ಆ ಪರದೆ ಬೆಳಗಿದಾಗ ನನಗೆಷ್ಟು ಸಂತೋಷವಾಗುತ್ತದೆ ಎಂದು ನಿಮಗಲ್ಲದೆ ಇನ್ಯಾರಿಗೂ ಹೇಳಲು ಬರುವುದಿಲ್ಲ.

ಶೇವಂತಿ


ಜಮಖಂಡಿ
5-11-1994

ಚಿ. ಶೇವಂತಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಕಂಪ್ಯೂಟರಿನ ಹೊದಿಕೆಯ ಕೆಳಗೆ ಮಡಚಿಟ್ಟು, ಕದ್ದು ನೋಡಿಕೊಂಡು ಕೆಲಸ ಮಾಡುತ್ತೇನೆ. ನಕಲು ಹೊಡೆದು ಪಾಸಾಗುವವರ ಕಷ್ಟ ಈಗ ಅರ್ಥವಾಯಿತು.

ನೀನು ಮೊದಲು ಹೇಳಿದ ಮಾತನ್ನೇ ನಾನು ಮೊದಲು ಮರೆತೆ. ಬೀಳಗಿಯವರೊಬ್ಬರ ಮನೆಯನ್ನು ರೂಢಿಯಂತೆ ಎಲ್ಲ ಅಳತೆಗಳನ್ನೂ ನೂರರಿಂದ ಭಾಗಿಸಿ ಬರೆದೆ. ಅಚ್ಚು ತೆಗೆಯುವಾಗ ಯಂತ್ರ ಮತ್ತೊಮ್ಮೆ ನೂರರಿಂದ ಭಾಗಿಸಿತು. ದೊಡ್ಡ ಹಾಳೆಯ ಮಧ್ಯದಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ. ಸಾಹೇಬರು ಕನ್ನಡಕ ಏರಿಸಿ ನೋಡಿ, “ಇದರಾಗ ಯಾರ್ ಇರ್ತಾರ್ರಿ ಪರಸಪ್ಪ, ಇರಬಿ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಹಿಂದಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಬೋರ್ಡಿನ ಹತ್ತಿರ ನಿಂತು ಬಂದೆ.

ಈಗ ಪೂರ್ತಿ ಅಳತೆಯಲ್ಲೇ ಬರೆಯುತ್ತೇನೆ. ಒಂದು ಸಂಶಯವಿದೆ. ಬೋರ್ಡಿನ ಕಾಲದಲ್ಲಿ ಕೊನೆಗಳಿಗೆಗೆ ಯಾವುದಾದರೂ ಅಳತೆ ಬದಲಾದರೆ ನಾವು ಮತ್ತೆ ಗೆರೆ ಎಳೆಯುತ್ತಿದ್ದೆವೇ? ಬ್ಲೇಡಿನಿಂದ ಹಳೆಯ ಅಂಕಿಯನ್ನು ಕೆರೆದು ಹೊಸದನ್ನು ಬರೆದು ಕೊಡುತ್ತಿದ್ದೆವು. ಗೆರೆಗೆ ಸ್ಕೇಲು ಹಚ್ಚಬಾರದು, ಬರೆದ ಅಂಕಿಯನ್ನೇ ಹಿಡಿಯಬೇಕು ಎಂಬುದು ಗೋಡೆ ಕಟ್ಟುವ ಗೌಂಡಿಗಳಿಗೂ ಗೊತ್ತಿತ್ತು. ಈ ಯಂತ್ರದಲ್ಲಿ ಬ್ಲೇಡು ಎಲ್ಲಿದೆ? ಬೇಗ ತಿಳಿಸು.

ಪರಸಪ್ಪ


(ಅಂಚೆ ಕಾರ್ಡು)
ಮಿರಜ
14-11-1994

ಕಾಕಾ, ತಾರಾಗೆ ಜ್ವರ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ‘ಡಿಮ್’ ಎಂದು ಒತ್ತಿ, ಆಮೇಲೆ ‘ನ್ಯೂಟೆಕ್ಸ್ಟ್’. ಹೊಸ ಅಂಕಿ ಕೊಟ್ಟು ಹಳೆಯ ಅಂಕಿಯನ್ನು ಮುಟ್ಟಿ ತೋರಿಸಿ. ಅದೇ ನಿಮ್ಮ ಬ್ಲೇಡು. ಇದರ ಬಗ್ಗೆ ಇನ್ನೊಂದು ಮಾತು ಹೇಳುವುದಿದೆ, ಕಾರ್ಡಿನಲ್ಲಿ ಜಾಗವಿಲ್ಲ. ಶೇವಂತಿ.


ಜಮಖಂಡಿ
18-1-1995

ಚಿ. ಶೇವಂತಿಗೆ ಆಶೀರ್ವಾದ.

ತಾರಾಳ ಜ್ವರ ಇಳಿಯಿತೇ? ನಿನ್ನಿಂದ ಎರಡು ತಿಂಗಳು ಸುದ್ದಿಯಿಲ್ಲ. ನನ್ನ ಸುದ್ದಿ ಕೇಳು: ಸಂಕ್ರಾಂತಿ ಮುಗಿಯಿತು, ನಾನು ಇನ್ನೂ ಖುರ್ಚಿಯಲ್ಲಿದ್ದೇನೆ.

ತುಬಚಿಯ ಆಚೆ ಹೊಳೆಯ ದಂಡೆಗೆ ರೈತರ ಒಂದು ಸಂಘದವರು ಕೃಷ್ಣೆಯ ನೀರೆತ್ತುವ ಪಂಪಿನ ಮನೆ ಕಟ್ಟುತ್ತಿದ್ದಾರೆ. ಅದರ ನಕ್ಷೆಯನ್ನು ಮೊದಲಿನಿಂದ ಕೊನೆಯವರೆಗೆ ನಾನೊಬ್ಬನೇ ಯಂತ್ರದಲ್ಲಿ ಬರೆದೆ. ಎಲ್ಲ ಮುಗಿಯಿತು ಎನ್ನುವಾಗ ಪಂಪಿನ ಮಾದರಿ ಬದಲಾಯಿತು. ಬೋಲ್ಟಿನಿಂದ ಬೋಲ್ಟಿಗೆ 900 ಇದ್ದದ್ದು 960 ಆಗಬೇಕೆಂದರು. ನಿನ್ನ ಕಾರ್ಡು ತೆಗೆದು ಓದಿ, ಒಂದು ನಿಮಿಷದಲ್ಲಿ ಅಂಕಿ ಬದಲಿಸಿ ಅಚ್ಚು ಕೊಟ್ಟೆ. ಸಾಹೇಬರು ಬೆನ್ನು ತಟ್ಟಿದರು.

ಪಂಪು ಕೂರುವ ಕಬ್ಬಿಣದ ಫ್ರೇಮನ್ನು ನಿಮ್ಮ ಕಾರ್ಖಾನೆಗೇ ಕೊಟ್ಟಿದ್ದಾರೆ. ಅಚ್ಚಿನ ಹಾಳೆ ಮುಗಿದಿತ್ತು, ನಕ್ಷೆ ತುಂಬಿದ ಫ್ಲಾಪಿ ಇದ್ದರೆ ಸಾಕು ಎಂದು ನಿಮ್ಮವರು ಹೇಳಿದರು. ಮಿರಜಿನ ಬಸ್ಸಿನ ಕಂಡಕ್ಟರ್ ನಾಮದೇವನ ಕೈಗೆ ಕೊಟ್ಟು ಕಳಿಸಿದ್ದೇನೆ. ನಿನ್ನ ಶಿಷ್ಯನ ಕೆಲಸ ಹೇಗಿದೆ ಎಂದು ತೆರೆದು ನೋಡು.

ಪರಸಪ್ಪ


ಜಮಖಂಡಿ
9-3-1995

ಶೇವಂತಿಗೆ,

ಸಿಟ್ಟಿನಲ್ಲಿದ್ದೇನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸು. ನಿಮ್ಮ ಕಾರ್ಖಾನೆಯವರು ನನ್ನ ಮಾನ ಕಳೆಯುತ್ತಿದ್ದರು.

ಮೊನ್ನೆ ಫ್ರೇಮು ಹೊಳೆಯ ದಂಡೆಗೆ ಬಂತು. ಕಾಂಕ್ರೀಟ್ ಕಟ್ಟೆಯಲ್ಲಿ ಬೋಲ್ಟುಗಳನ್ನು ತಿಂಗಳ ಹಿಂದೆಯೇ ಹುಗಿದಿದ್ದರು. ಎಂಟು ಜನ ಫ್ರೇಮನ್ನು ಇಳಿಸಿದರು. ಈ ಕಡೆಯ ಎರಡು ಬೋಲ್ಟು ತೂತಿನಲ್ಲಿ ಬಂದವು, ಆ ಕಡೆಯವು ಬರಲಿಲ್ಲ. ಫಿಟ್ಟರ್ ಹುಲೆಪ್ಪ ಟೇಪು ಹಿಡಿದು, “ಫ್ರೇಮು ಅರವತ್ತು ಎಂ.ಎಂ. ಕಡಿಮಿ ಐತ್ರಿ” ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ಸಂಘದ ಅಧ್ಯಕ್ಷ ಹಾಲಸಿದ್ದಪ್ಪ ನನ್ನ ನಕ್ಷೆಯ ಅಚ್ಚನ್ನು ಬಿಚ್ಚಿ ಓದಿದ: “ಇದರಾಗ ಒಂಬೈನೂರಾ ಅರವತ್ತ ಅಂತನ ಐತಲ್ಲಪಾ.” ಬೋಲ್ಟುಗಳನ್ನು ಅಳೆದರೆ 960. ನನಗೆ ಹೋದ ಜೀವ ಬಂದಂತಾಯಿತು.

ಹಾಲಸಿದ್ದಪ್ಪ ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. “ಬೀರೇಶ್ವರಗ ಕಾಯಿ ಒಡದು ಇವತ್ತ ನೀರ ಎತ್ತೂದು ಅಂತ ನೂರ ಮಂದಿಗಿ ಹೇಳೇನ್ರಿ ಪರಸಪ್ಪ. ಈಗ ಅವರ ಮಾರಿ ಹ್ಯಾಂಗ ನೋಡ್ಲಿ?” ಎಂದು ತಂದ ತೆಂಗಿನಕಾಯಿಗಳನ್ನು ಚೀಲದಲ್ಲಿ ವಾಪಸ್ ಹಾಕಿಕೊಂಡ.

ಸಾಹೇಬರು ನಿಮ್ಮ ಮಾಲಕರಿಗೆ ತಕರಾರು ಪತ್ರ ಬರೆದರು. ಕೆಳಗೆ ನಾನೂ ರುಜು ಹಾಕಿದೆ. ಒಂದು ವಾಕ್ಯ ನಾನಾಗಿಯೇ ಸೇರಿಸಿದೆ: ನಕ್ಷೆ ಅಳೆದು ಈ ತೂತುಗಳ ಗುರುತು ಹಾಕಿದವನನ್ನು ನಮ್ಮ ಯಾವ ಕೆಲಸಕ್ಕೂ ಹಚ್ಚಬಾರದು. ಅವನು ಯಾರು ಎಂದು ನೀನು ವಿಚಾರಿಸಿ ತಿಳಿಸು.

ಪರಸಪ್ಪ


ಮಿರಜ
17-3-1995

ಪರಸಪ್ಪ ಕಾಕಾ ಅವರಿಗೆ ನಮಸ್ಕಾರ.

ವಿಚಾರಿಸಿದೆ. ಗುರುತು ಹಾಕಿದವರು ತಮ್ಮದೇ ತಪ್ಪು ಎಂದು ಮಾಲಕರ ಮುಂದೆ ಒಪ್ಪಿಕೊಂಡಿದ್ದಾರೆ. ಹೊಸ ಫ್ರೇಮು ಹತ್ತು ದಿನದಲ್ಲಿ ಬರುತ್ತದೆ, 960 ಇದೆ. ಇನ್ನು ಆ ಮಾತು ಬಿಡಿ.

ನವೆಂಬರಿನ ಕಾರ್ಡಿನಲ್ಲಿ ಉಳಿದುಹೋದ ಮಾತನ್ನು ಈಗ ಹೇಳುತ್ತೇನೆ. ಅಂಕಿಯನ್ನು ಮಾತ್ರ ಬದಲಿಸುವುದು ಒಳ್ಳೆಯ ರೂಢಿಯಲ್ಲ. ‘ಸ್ಟ್ರೆಚ್’ ಎಂದು ಒತ್ತಿ, ಗೆರೆಯ ಆ ತುದಿಯನ್ನು ಅಂಕಿಯ ಸಮೇತ ಚೌಕದಲ್ಲಿ ಹಿಡಿದು, ಎಷ್ಟು ಬೇಕೋ ಅಷ್ಟು ಸರಿಸಿ. ಅಂಕಿ ತಾನಾಗಿಯೇ ಬದಲಾಗುತ್ತದೆ. ಫ್ಲಾಪಿ ಕೊಡುವ ಮೊದಲು ‘ಡಿಸ್ಟ್’ ಎಂದು ಒತ್ತಿ, ಈ ತುದಿ ಆ ತುದಿ ತೋರಿಸಿ ಒಮ್ಮೆ ಅಳೆಯಿರಿ. ಮುಂದಿನ ಕೆಲಸಗಳಿಗೆ ಇದನ್ನು ನೆನಪಿಡಿ.

ತಾರಾ ಆರಾಮ ಇದ್ದಾಳೆ. ಇನ್ನು ಮೇಲೆ ನನಗೆ ಪತ್ರ ಬರೆಯುವುದಾದರೆ ಕಾರ್ಖಾನೆಯ ವಿಷಯ ಬರೆಯಬೇಡಿ. ಮನೆಯಲ್ಲಿ ಒಡೆದು ಓದುತ್ತಾರೆ.

ಶೇವಂತಿ


ಜಮಖಂಡಿ
5-4-1995

ಚಿ. ಶೇವಂತಿಗೆ ಆಶೀರ್ವಾದ.

ಕಾರ್ಖಾನೆಯ ವಿಷಯ ಬೇಡ ಎಂದಿದ್ದೀ, ಆದರೆ ಇದು ಸಂತೋಷದ ಸುದ್ದಿ. ಹೊಸ ಫ್ರೇಮು ಬೋಲ್ಟಿನ ಮೇಲೆ ಹೇಳಿ ಮಾಡಿಸಿದಂತೆ ಕೂತಿತು. ಯುಗಾದಿಯ ಮರುದಿನ ನೀರು ಎತ್ತಿದರು. ಹಾಲಸಿದ್ದಪ್ಪ ನನ್ನ ಹೆಗಲಿಗೆ ಕಂಬಳಿ ಹೊದಿಸಿದ.

ತಪ್ಪು ಗುರುತು ಹಾಕಿದವನನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ನಿಮ್ಮ ಮಾಲಕರು ಸಾಹೇಬರಿಗೆ ತಿಳಿಸಿದ್ದಾರೆ. ಒಳ್ಳೆಯದೇ ಆಯಿತು. ಅಂಥವರನ್ನು ಯಂತ್ರದ ಹತ್ತಿರ ಬಿಡಲೇಬಾರದು. ಅವರಿಂದಾಗಿ ಇಪ್ಪತ್ತೆಂಟು ವರ್ಷದ ನನ್ನ ಹೆಸರು ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲಾಗುತ್ತಿತ್ತು.

ನೀನು ಕಲಿಸದಿದ್ದರೆ ನಾನು ಇವತ್ತು ಮನೆಯಲ್ಲಿರುತ್ತಿದ್ದೆ. ಇದನ್ನು ಮರೆಯುವುದಿಲ್ಲ.

ಪರಸಪ್ಪ


ಜಮಖಂಡಿ
26-6-1995

ಚಿ. ಶೇವಂತಿಗೆ,

ಏಪ್ರಿಲ್ ಪತ್ರಕ್ಕೆ ನಿನ್ನ ಉತ್ತರ ಬರಲಿಲ್ಲ. ಮೇ ತಿಂಗಳಲ್ಲಿ ಬರೆದದ್ದಕ್ಕೂ ಇಲ್ಲ. ಈ ಪತ್ರಕ್ಕೆ ಉತ್ತರ ಬೇಕೇ ಬೇಕು.

ಬನಹಟ್ಟಿಯ ಚನಮಲ್ಲಪ್ಪನವರು ಮಗ್ಗದ ಶೆಡ್ಡು ಕಟ್ಟಿಸುತ್ತಿದ್ದಾರೆ. ಬಾಗಿಲು ಒಂದು ಅಡಿ ಅಗಲವಾಗಬೇಕೆಂದರು. ಬ್ಲೇಡಿಗೆ ಕೈ ಹಾಕಿದವನು ನಿನ್ನ ಮಾತು ನೆನೆದು ‘ಸ್ಟ್ರೆಚ್’ ಮಾಡಿ ನೋಡಿದೆ. ಗೆರೆ ಸರಿಯಿತು, ಕೂಡಲೇ ಅಂಕಿಯೂ ತಾನಾಗಿ ಬದಲಾಯಿತು. ಚಿಕ್ಕವರ ಹಾಗೆ ಮತ್ತೆ ಮತ್ತೆ ಸರಿಸಿ ನೋಡಿದೆ. ಆಮೇಲೆ ಪಂಪಿನ ಮನೆ ನೆನಪಾಯಿತು. ಗೆರೆಯೂ ಅಂಕಿಯೂ ಇಷ್ಟು ಕೂಡಿಕೊಂಡಿದ್ದರೆ ಜನವರಿಯಲ್ಲಿ ನಾನು ಮಾಡಿದ್ದೇನು?

ಪಂಪಿನ ಮನೆಯ ಹಳೆಯ ಫ್ಲಾಪಿ ಹಾಕಿ, ‘ಡಿಸ್ಟ್’ ಒತ್ತಿ, ಬೋಲ್ಟಿನಿಂದ ಬೋಲ್ಟಿಗೆ ಅಳೆದೆ. 900. ಮೇಲೆ 960 ಎಂದು ಬರೆದಿದೆ, ಗೆರೆ 900 ಇದೆ. ಮೂರು ಸಲ ಅಳೆದೆ. ಗೌಂಡಿ ಅಂಕಿಯನ್ನು ಓದಿದ, ನಿಮ್ಮ ಕಾರ್ಖಾನೆಯವನು ಗೆರೆಯನ್ನು ಅಳೆದ. ಅವನ ತಪ್ಪು ಎಳ್ಳಷ್ಟೂ ಇಲ್ಲ. ತಪ್ಪೆಲ್ಲ ನನ್ನದು.

ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ. ಡಬ್ಬಿ ಚೀಲ ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದೆ, ಹಾಗೇ ಮನೆಗೆ ಹೋಗುವುದೆಂದು. ಅವರು ಕಾಗದದಿಂದ ತಲೆ ಎತ್ತಲಿಲ್ಲ. “ಪಂಪ್ ಕುಂತೈತಿ, ನೀರ್ ಹರದೈತಿ. ಹಳೇದನ್ನ ಯಾಕ ಕೆದರ್ತೀರಿ? ಹೋಗ್ರಿ, ಶೆಡ್ಡಿನ ಕೆಲಸ ಮುಗಸ್ರಿ” ಎಂದರು. ನನ್ನನ್ನು ತೆಗೆಯುವುದಿಲ್ಲವೇ ಎಂದು ಕೇಳಿದೆ. “ನಿಮ್ಮನ್ನ ತಗಿತೀನಿ ಅಂತ ಯಾವಾಗ ಅಂದೇನ್ರಿ?” ಎಂದರು.

ಆ ಮನುಷ್ಯನ ಹೆಸರು ಬೇಕು. ಎಲ್ಲಿದ್ದಾನೆ, ಹೊಟ್ಟೆಗೆ ಏನು ಮಾಡುತ್ತಿದ್ದಾನೆ? ಭಾನುವಾರ ನಾನೇ ಮಿರಜಿಗೆ ಬರುತ್ತೇನೆ. ಮೊದಲು ನಿಮ್ಮ ಮಾಲಕರನ್ನು ಕಂಡು, ಆಮೇಲೆ ಅವನ ಮನೆಗೆ ಹೋಗುತ್ತೇನೆ.

ಪರಸಪ್ಪ


ಮಿರಜ
10-7-1995

ಪರಸಪ್ಪ ಕಾಕಾ ಅವರಿಗೆ,

ಮಾಲಕರ ಬಾಯಿಂದ ನನ್ನ ಹೆಸರು ಕೇಳಿ ಬಂದ ನೀವು ನಮ್ಮ ಬಾಗಿಲಿನಲ್ಲೇ ನಿಂತುಬಿಟ್ಟಿರಿ. ಒಳಗೆ ಬನ್ನಿ ಎಂದು ಎರಡು ಸಲ ಕರೆಯಬೇಕಾಯಿತು. ಎಲ್ಲರ ಮುಂದೆ ನನಗೆ ಮಾತಾಡಲು ಆಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಫ್ರೇಮು ತಪ್ಪಿದೆ ಎಂಬ ಸುದ್ದಿ ಬಂದ ದಿನವೇ ನಾನು ಫ್ಲಾಪಿ ತೆರೆದು ನೋಡಿದೆ. ಮೊದಲು ಗುರುತು ಹಾಕುವಾಗ ಅಂಕಿಗಳ ಹಾಳೆ ಆರಿಸಿ ಗೆರೆಯನ್ನು ಮಾತ್ರ ಅಳೆದಿದ್ದೆ. ಈಗ ಹಾಳೆ ಹಚ್ಚಿದರೆ 960 ಕಂಡಿತು. ಏನಾಗಿದೆ ಎಂದು ಆ ಕ್ಷಣವೇ ತಿಳಿಯಿತು, ಬ್ಲೇಡು ತೋರಿಸಿಕೊಟ್ಟವಳೇ ನಾನಲ್ಲವೇ? ಮಾಲಕರಿಗೆ ಅದನ್ನು ತೋರಿಸಿದರೆ ಅವರು ಬಸಗೊಂಡಪ್ಪ ಸಾಹೇಬರಿಗೆ ತೋರಿಸುತ್ತಿದ್ದರು, ಸಾಹೇಬರು ನಿಮ್ಮನ್ನು ಮನೆಗೆ ಕಳಿಸುತ್ತಿದ್ದರು. ಹಾಗಾದೀತೆಂದು ಹೆದರಿ ನೀವು ಬರೆದಿದ್ದಿರಿ, ನಾನು ನಂಬಿದ್ದೆ. ನಾನೇ ತಪ್ಪಾಗಿ ಅಳೆದೆ ಎಂದು ಹೇಳಿದೆ. ಒಂದು ಮಾತು ಬೈದು ಬಿಡುತ್ತಾರೆ ಎಂದುಕೊಂಡಿದ್ದೆ. ಅಷ್ಟರಲ್ಲಿ ನಿಮ್ಮ ಆಫೀಸಿನ ತಕರಾರು ಪತ್ರ ಬಂತು, ನೀವು ಸೇರಿಸಿದ ವಾಕ್ಯದ ಸಮೇತ.

ಮಾಲಕರು ಅದನ್ನು ನನಗೇ ಓದಲು ಕೊಟ್ಟರು. ಕೆಳಗಿನ ರುಜು ನನಗೆ ಕಣ್ಣು ಮುಚ್ಚಿದರೂ ಗುರುತು ಸಿಗುತ್ತದೆ. ಆಮೇಲೆ ನೀವು ‘ಅಂಥವರನ್ನು ಯಂತ್ರದ ಹತ್ತಿರ ಬಿಡಲೇಬಾರದು’ ಎಂದು ನನಗೇ ಬರೆದಿರಿ. ಗೊತ್ತಿಲ್ಲದೆ ಬರೆದದ್ದು, ನಿಜ. ಆದರೂ ನನಗೆ ಸಿಟ್ಟಿದೆ ಕಾಕಾ. ಗುರುತು ಹಾಕಿದವನು ಅವನು, ಅವನು ಎಂದು ಪ್ರತಿ ಪತ್ರದಲ್ಲೂ ಬರೆದಿರಿ. ಅದು ನಾನಾಗಿರಬಹುದು ಎಂದು ಒಮ್ಮೆಯೂ ನಿಮಗೆ ಅನಿಸಲಿಲ್ಲವೇ? ಆ ಕೆಲಸವನ್ನು ನನಗೆ ಕಲಿಸಿದವರು ನೀವು.

ನೀವು ಅತ್ತೆಯವರ ಮುಂದೆ ಕೈ ಮುಗಿದು, “ತಪ್ಪ ನಂದ್ರೀ ಅಕ್ಕಾರ, ಆಕೀದಲ್ಲ” ಎಂದಿರಿ. ಅವರು ಚಹ ಕೊಟ್ಟರು. ನೀವು ಬಸ್ಸಿಗೆ ಹೋದ ಮೇಲೆ ಹೇಳಿದರು: “ತಪ್ಪ ಯಾರದರ ಇರ್ಲಿ. ತಕರಾರು ಬಂತು, ಆಕಿ ಮನ್ಯಾಗ ಕುಂತಳು, ಛಲೋ ಆತು.” ನಮ್ಮ ಮನೆಯವರ ಮುಖ ನೋಡಿದೆ. ಅವರು ಎದ್ದು ಹೊರಗೆ ಹೋದರು. ಕಾರ್ಖಾನೆಯಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದು ಮೂರು ತಿಂಗಳಾಗಿದೆ.

ಎಲ್ಲಕ್ಕಿಂತ ಹೆಚ್ಚು ನೋಯುವುದು ನಿಮ್ಮ ಸಾಹೇಬರ ಮಾತು. ನಿಮ್ಮನ್ನು ತೆಗೆಯುವ ವಿಚಾರವೇ ಅವರಿಗೆ ಇರಲಿಲ್ಲ. ನಿಮ್ಮ ಹೆದರಿಕೆಗೆ ನಾನೂ ಹೆದರಿ ನನ್ನ ಕೆಲಸ ಕಳೆದುಕೊಂಡೆ.

ಒಂದು ಉಪಕಾರ ಮಾಡಿ. ನಡೆದದ್ದನ್ನು ನಿಮ್ಮ ಕೈಯಿಂದ ಬರೆದು, ತಾರಾಳ ಹೆಸರಿಗೆ ಕಳಿಸಿ. ಅವಳಿಗೆ ಈಗ ಐದನೆಯ ವರ್ಷ. ಅವ್ವನ್ನ ಕೆಲಸದಿಂದ ಯಾಕ ತೆಗದ್ರು ಎಂದು ಅಜ್ಜಿಯನ್ನು ಕೇಳುವ ದಿನ ಬರುತ್ತದೆ. ಆ ದಿನಕ್ಕೆ ನನ್ನ ಟ್ರಂಕಿನಲ್ಲಿ ಒಂದು ಕಾಗದ ಇರಲಿ.

ಶೇವಂತಿ


ಜಮಖಂಡಿ
16-7-1995

ಚಿ. ತಾರಾಳಿಗೆ,

ಇದನ್ನು ನೀನು ಓದುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ನನ್ನ ಹೆಸರು ಪರಸಪ್ಪ, ಜಮಖಂಡಿಯಲ್ಲಿ ನಕ್ಷೆ ಬರೆಯುವ ಕೆಲಸದವನು. 1995ನೆಯ ಇಸವಿಯಲ್ಲಿ ಹೊಳೆಯ ದಂಡೆಯ ಒಂದು ಪಂಪಿನ ಮನೆಯ ನಕ್ಷೆಯಲ್ಲಿ ನಾನು ಅಂಕಿಯನ್ನು 960 ಎಂದು ಬದಲಿಸಿ, ಗೆರೆಯನ್ನು 900 ಇದ್ದಲ್ಲೇ ಬಿಟ್ಟೆ. ಆ ಗೆರೆಯಂತೆ ಮಾಡಿದ ಫ್ರೇಮು ಅರವತ್ತು ಮಿಲಿಮೀಟರು ಕಡಿಮೆ ಬಂತು. ಅದನ್ನು ಅಳೆದವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬರ್ಥದ ಮಾತು ಬರೆದು ರುಜು ಹಾಕಿದವನೂ ನಾನೇ. ಅಳೆದವಳು ನಿನ್ನ ಅವ್ವ. ನನ್ನ ಕೆಲಸ ಉಳಿಯಲಿ ಎಂದು ಅವಳು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. ನನ್ನ ಕೆಲಸ ಉಳಿದಿದೆ. ಅವಳದು ಹೋಯಿತು.

ನಾನು ನೂರಾರು ಜನ ನಕ್ಷೆಗಾರರನ್ನು ನೋಡಿದ್ದೇನೆ, ಹನ್ನೊಂದು ಜನರಿಗೆ ಕಲಿಸಿದ್ದೇನೆ. ನಿನ್ನ ಅವ್ವನಷ್ಟು ಚೊಕ್ಕ ಕೈ ಯಾರದೂ ಇರಲಿಲ್ಲ. ಯಾರು ಏನೇ ಹೇಳಿದರೂ ಅವರಿಗೆ ಈ ಕಾಗದ ತೋರಿಸು. ನಿನ್ನ ಅವ್ವ ಸರಿಯಾಗಿಯೇ ಅಳೆದಿದ್ದಳು.

(ರುಜು)
ಪರಸಪ್ಪ